ಓಪಿಯಾಯ್ಡ್ ವ್ಯಸನಕ್ಕೆ ಔಷಧ ಚಿಕಿತ್ಸೆ: ದಖ್ಖನ್ನಿನ ಅಫೀಮಿನಿಂದ ಬ್ಯೂಪ್ರೆನಾರ್ಫಿನ್ ತನಕ

ಅಫೀಮು, ಹೆರಾಯಿನ್, ಮಾರ್ಫಿನ್ ಮತ್ತು ಇದೇ ಗುಂಪಿನ ನೋವುಶಮನ ಮಾತ್ರೆ-ಚುಚ್ಚುಮದ್ದುಗಳಿಗೆ ಒಟ್ಟಾಗಿ ಓಪಿಯಾಯ್ಡ್‌ಗಳೆಂದು ಹೆಸರು. ಇವುಗಳ ಚಟಕ್ಕೆ ಬಿದ್ದವರಿಗೆ ಅದೇ ಗುಂಪಿನ, ಆದರೆ ನಿಧಾನವಾಗಿ ಮತ್ತು ದೀರ್ಘಕಾಲ ಕೆಲಸ ಮಾಡುವ ಇಲ್ಲವೇ ಅವುಗಳ ಪರಿಣಾಮವನ್ನು ತಡೆಯುವ ಔಷಧವನ್ನು ವೈದ್ಯರ ನಿಗಾದಲ್ಲಿ ತಿಂಗಳುಗಟ್ಟಲೆ ಅಥವಾ ವರ್ಷಗಟ್ಟಲೆ ಕೊಡುವುದನ್ನು ಔಷಧ ಆಧಾರಿತ ಚಿಕಿತ್ಸೆ ಎನ್ನುತ್ತಾರೆ. ಭಾರತದ ಸರ್ಕಾರಿ ಕೇಂದ್ರಗಳಲ್ಲಿ ಅದೇ ಗುಂಪಿನ ಔಷಧ ಕೊಡುವ ಬದಲಿ ಚಿಕಿತ್ಸೆಗೆ ಓಎಸ್‌ಟಿ ಎಂಬ ಹೆಸರು ಬಳಕೆಯಲ್ಲಿದೆ. ಮುಖ್ಯ ಔಷಧಗಳು ಮೂರು: ಮೆಥಡೋನ್, ಬ್ಯೂಪ್ರೆನಾರ್ಫಿನ್ ಮತ್ತು ನಾಲ್ಟ್ರೆಕ್ಸೋನ್. ಮೊದಲಿನೆರಡು ಬಿಡುವಾಗಿನ ಬಾಧೆಯನ್ನೂ ತುಡಿತವನ್ನೂ ತಣಿಸುತ್ತವೆ. ಮೂರನೆಯದು ಮಿದುಳಿನಲ್ಲಿ ಓಪಿಯಾಯ್ಡ್ ಅಂಟಿಕೊಳ್ಳುವ ಜಾಗವನ್ನೇ ಮುಚ್ಚಿ, ಮಾದಕವನ್ನು ತೆಗೆದುಕೊಂಡರೂ ಅಮಲೇರದಂತೆ ಮಾಡುತ್ತದೆ.

ಹೆರಾಯಿನ್ ಬಳಸುವವನ ದಿನ ಕೆಲವೇ ಗಂಟೆಗಳ ತುಂಡುಗಳಾಗಿ ಒಡೆದಿರುತ್ತದೆ. ಅಮಲು ಇಳಿದೊಡನೆ ಮೈಕೈ ನೋವು, ಬೆವರು, ಭೇದಿ, ಕಣ್ಣುಮೂಗಿನಲ್ಲಿ ನೀರು, ನಿದ್ರೆಯಿಲ್ಲದ ರಾತ್ರಿ. ಆ ಬಾಧೆಗೆ ಹೆದರಿ ಮುಂದಿನ ಪುಡಿಯ ಹುಡುಕಾಟ. ಮೆಥಡೋನ್ ಒಂದು ಗುಟುಕು ಕುಡಿದರೆ ಅದರ ಪರಿಣಾಮ ಒಂದು ದಿನಕ್ಕೂ ಮೀರಿ ನಿಲ್ಲುತ್ತದೆ. ನಾಲಿಗೆಯಡಿ ಇಟ್ಟು ಕರಗಿಸುವ ಬ್ಯೂಪ್ರೆನಾರ್ಫಿನ್ ಮಾತ್ರೆ ಮಿದುಳಿನ ಗ್ರಾಹಕಗಳಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಆದರೆ ಅವುಗಳನ್ನು ಭಾಗಶಃ ಮಾತ್ರ ಪ್ರಚೋದಿಸುತ್ತದೆ. ಒಂದು ಮಟ್ಟದಾಚೆ ಪ್ರಮಾಣ ಹೆಚ್ಚಿಸಿದರೂ ಅಮಲು ಹೆಚ್ಚುವುದಿಲ್ಲ, ಉಸಿರು ನಿಂತು ಸಾಯುವ ಅಪಾಯವೂ ಕಡಿಮೆ. ಮಾತ್ರೆಯನ್ನು ಕರಗಿಸಿ ಸೂಜಿಯಲ್ಲಿ ಚುಚ್ಚಿಕೊಳ್ಳದಿರಲೆಂದು ಹಲವೊಮ್ಮೆ ಅದರೊಂದಿಗೆ ಓಪಿಯಾಯ್ಡ್ ಪರಿಣಾಮ ತಡೆಯುವ ನಾಲಾಕ್ಸೋನ್ ಬೆರೆಸಿರುತ್ತಾರೆ. ನಾಲಿಗೆಯಡಿ ಅದು ಹೆಚ್ಚುಕಡಿಮೆ ನಿಷ್ಕ್ರಿಯ. ರಕ್ತನಾಳಕ್ಕೆ ಚುಚ್ಚಿದರೆ ತಕ್ಷಣ ಬಾಧೆ ತರುತ್ತದೆ. ಹೀಗೆ ದೇಹ ಸಮಸ್ಥಿತಿಗೆ ಬಂದಮೇಲೆ ಮನುಷ್ಯ ಕೂಲಿಗೆ ಹೋಗಬಲ್ಲ, ಮಕ್ಕಳ ಜೊತೆ ಕೂತು ಉಣ್ಣಬಲ್ಲ, ಆಪ್ತಸಲಹೆಗಾರರ ಮಾತಿಗೆ ಕಿವಿಗೊಡಬಲ್ಲ. ಔಷಧ ಮಾಡುವ ದೊಡ್ಡ ಉಪಕಾರ ಇದೇ.

ದಖ್ಖನ್ನಿಗೆ ಅಫೀಮು ಹಳೆಯ ಪರಿಚಯ. ಅರಬ್ ವರ್ತಕರ ಮೂಲಕ ಬಂದ ಈ ವಸ್ತು ಶಾರ್ಙ್ಗಧರ ಸಂಹಿತೆಯ ಹೊತ್ತಿಗೆ ಅಹಿಫೇನ ಎಂಬ ಹೆಸರಿನಲ್ಲಿ ಆಯುರ್ವೇದದ ಮದ್ದಾಗಿತ್ತು. ಅಹಮದ್‌ನಗರದ ಬುರ್ಹಾನ್ ನಿಜಾಮ್ ಶಾಹನಿಗೆ ವೈದ್ಯನಾಗಿದ್ದ ಪೋರ್ಚುಗೀಸ ಗಾರ್ಸಿಯಾ ಡ ಓರ್ಟಾ, 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಅಫೀಮಿನ ಬಳಕೆಯನ್ನು ವಿವರಿಸಿದ್ದಾನೆ. 1580ರ ದಶಕದಲ್ಲಿ ಗೋವೆಯಲ್ಲಿದ್ದ ಡಚ್ ಪ್ರವಾಸಿ ಲಿನ್‌ಸ್ಖೋಟನ್, ತಿನ್ನುವ ರೂಢಿಯಾದವರು ದಿನವೂ ತಿನ್ನಲೇಬೇಕು, ಬಿಟ್ಟರೆ ಪ್ರಾಣಕ್ಕೇ ಸಂಚಕಾರ ಎಂದು ಬರೆದ. ಅವಲಂಬನೆಯ ಲಕ್ಷಣ ಅಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಕಾಯಿಲೆಯೆಂದು ಕಂಡು ಮದ್ದು ಕೊಡುವ ಯೋಚನೆ ಹುಟ್ಟಲು ಇನ್ನೂ ಬಹಳ ಕಾಲ ಹಿಡಿಯಿತು.

ಬ್ರಿಟಿಷರ ಕಾಲದಲ್ಲಿ ಅಫೀಮು ಬೊಕ್ಕಸದ ಸರಕಾಯಿತು. 1857 ಮತ್ತು 1878ರ ಕಾಯಿದೆಗಳು ಬೆಳೆ, ಸಾಗಣೆ, ಮಾರಾಟಗಳನ್ನು ಸರ್ಕಾರದ ಹಿಡಿತಕ್ಕೆ ತಂದವು. ಪರವಾನಗಿ ಪಡೆದ ಅಂಗಡಿಗಳಲ್ಲಿ ಅದು ಬಹಿರಂಗವಾಗಿ ಸಿಗುತ್ತಿತ್ತು. ಬ್ರಾಸಿ ಪ್ರಭುವಿನ ಅಧ್ಯಕ್ಷತೆಯ ರಾಯಲ್ ಆಯೋಗ 1893ರಿಂದ 1895ರ ತನಕ ವಿಚಾರಣೆ ನಡೆಸಿ, ಭಾರತೀಯರ ಅಫೀಮು ಸೇವನೆಯಿಂದ ದೊಡ್ಡ ಹಾನಿಯಿಲ್ಲ ಎಂಬ ತೀರ್ಮಾನಕ್ಕೆ ಬಂತು. ಖಜಾನೆಗೆ ಅನುಕೂಲವಾದ ತೀರ್ಮಾನ ಅದು. ಕೆಮ್ಮು, ಭೇದಿ, ಸಂಧಿನೋವಿಗೆ ಮುದುಕರು ಅಫೀಮು ನುಂಗುತ್ತಿದ್ದುದು ನಿಜವೇ. ಆದರೆ ತಾಯಂದಿರು ದುಡಿಯಲು ಹೋಗುವ ಮುನ್ನ ಎಳೆಗೂಸಿಗೆ ಅಫೀಮಿನ ಗುಳಿಗೆ ತಿನ್ನಿಸಿ ಮಲಗಿಸುವ ಪದ್ಧತಿ ಮುಂಬಯಿಯ ಗಿರಣಿಕೇರಿಗಳಲ್ಲಿ ಎಷ್ಟು ವ್ಯಾಪಕವಾಗಿತ್ತೆಂಬುದನ್ನು 1920ರ ದಶಕದ ವೈದ್ಯಕೀಯ ವರದಿಗಳು ತೋರಿಸಿಕೊಟ್ಟವು.

ಸ್ವಾತಂತ್ರ್ಯ ಬಂದಮೇಲೆ, 1949ರ ಅಖಿಲ ಭಾರತ ಅಫೀಮು ಸಮ್ಮೇಳನದಲ್ಲಿ ಹತ್ತು ವರ್ಷಗಳೊಳಗೆ ಔಷಧೇತರ ಅಫೀಮು ಮಾರಾಟವನ್ನು ಹಂತಹಂತವಾಗಿ ನಿಲ್ಲಿಸಲು ತೀರ್ಮಾನವಾಯಿತು. 1959ರಲ್ಲಿ ಅಂಗಡಿ ಮಾರಾಟ ಕೊನೆಗೊಂಡಿತು. ಹಳೆಯ ಬಳಕೆದಾರರನ್ನು ಮಾತ್ರ ವೈದ್ಯಕೀಯ ಆಧಾರದ ಮೇಲೆ ದಾಖಲೆಗೆ ಸೇರಿಸಿಕೊಂಡು ಅವರಿಗೆ ಪರವಾನಗಿ ಚೀಟಿಯ ಮೇಲೆ ಅಫೀಮು ಕೊಡಲಾಗುತ್ತಿತ್ತು. ದೀರ್ಘಕಾಲ ಔಷಧ ಕೊಡುವ ಇಂದಿನ ನಿರ್ವಹಣಾ ಚಿಕಿತ್ಸೆಯ ದೇಶೀ ಪೂರ್ವರೂಪವೆಂದರೆ ಈ ನೋಂದಣಿಯೇ. ಅದರಲ್ಲಿ ಚಿಕಿತ್ಸೆ ಎಂಬಂಥದ್ದು ಹೆಚ್ಚೇನೂ ಇರಲಿಲ್ಲ. ಆದರೆ ದಶಕಗಳಿಂದ ತಿಂದವನಿಗೆ ಒಮ್ಮೆಲೇ ಕಡಿದು ಹಾಕಬಾರದೆಂಬ ತಿಳಿವಳಿಕೆ ಇತ್ತು.

ಇತ್ತ ಪಶ್ಚಿಮದಲ್ಲಿ ಎರಡು ದಾರಿಗಳು ಕವಲೊಡೆದಿದ್ದವು. ಅಮೆರಿಕ 1914ರ ಹ್ಯಾರಿಸನ್ ಕಾಯಿದೆಯ ನಂತರ, ವ್ಯಸನಿಗಳಿಗೆ ಮಾರ್ಫಿನ್ ಬರೆದುಕೊಡುವ ವೈದ್ಯರನ್ನೇ ಕಟಕಟೆಗೆ ನಿಲ್ಲಿಸಿತು. ಬ್ರಿಟನ್ನಿನಲ್ಲಿ 1926ರ ರೋಲೆಸ್ಟನ್ ಸಮಿತಿ ಅದೇ ಕೆಲಸವನ್ನು ವೈದ್ಯರ ವಿವೇಚನೆಗೆ ಬಿಟ್ಟಿತು. ಮೆಥಡೋನ್ ಹುಟ್ಟಿದ್ದು 1930ರ ದಶಕದ ಕೊನೆಯಲ್ಲಿ, ಜರ್ಮನಿಯ ಐ.ಜಿ. ಫಾರ್ಬೆನ್ ಕಂಪನಿಯ ಹೋಕ್ಸ್ಟ್ ಪ್ರಯೋಗಾಲಯದಲ್ಲಿ, ನೋವುಶಮನಕ್ಕಾಗಿ. ಅದನ್ನು ಚಿಕಿತ್ಸೆಯಾಗಿ ರೂಪಿಸಿದವರು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ವಿನ್ಸೆಂಟ್ ಡೋಲ್ ಮತ್ತು ಮನೋವೈದ್ಯೆ ಮೇರಿ ನಿಸ್ವಾಂಡರ್. 1965ರಲ್ಲಿ ತಮ್ಮ ವರದಿ ಪ್ರಕಟಿಸಿದ ಅವರು, ಹೆರಾಯಿನ್ ವ್ಯಸನ ದೇಹದ ಚಯಾಪಚಯಕ್ಕೆ ಸಂಬಂಧಿಸಿದ ದೀರ್ಘ ಕಾಯಿಲೆ, ಶೀಲದ ದೋಷವಲ್ಲ ಎಂಬ ನಿಲುವನ್ನು ಗಟ್ಟಿಯಾಗಿ ಮುಂದಿಟ್ಟರು. ಬ್ಯೂಪ್ರೆನಾರ್ಫಿನ್ 1960ರ ದಶಕದಲ್ಲಿ ಇಂಗ್ಲೆಂಡಿನ ರೆಕಿಟ್ ಕಂಪನಿಯ ಸಂಶೋಧನೆಯ ಫಲ. ಡೊನಾಲ್ಡ್ ಜಾಸಿನ್‌ಸ್ಕಿ ಮತ್ತು ಸಂಗಡಿಗರು 1978ರಲ್ಲಿ ಅದು ವ್ಯಸನ ಚಿಕಿತ್ಸೆಗೆ ಒದಗಬಲ್ಲುದೆಂದು ತೋರಿಸಿದರು. ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2002ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಮೆಥಡೋನ್ ಮತ್ತು ಬ್ಯೂಪ್ರೆನಾರ್ಫಿನ್ ಎರಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಭಾರತದಲ್ಲಿ ಪರಿಸ್ಥಿತಿ ಕೆಟ್ಟದ್ದು 1980ರ ದಶಕದಲ್ಲಿ. ಬ್ರೌನ್ ಶುಗರ್ ಎಂಬ ಕಳಪೆ ಹೆರಾಯಿನ್ ಮುಂಬಯಿ, ದೆಹಲಿಯ ಬೀದಿಗಳಿಗೆ ಬಂತು. ಮಣಿಪುರದಲ್ಲಿ ಬರ್ಮಾ ಗಡಿಯಿಂದ ಬಂದ ಶುದ್ಧ ಹೆರಾಯಿನ್ ಸೂಜಿಯ ಮೂಲಕ ರಕ್ತಕ್ಕಿಳಿಯಿತು. ಮಾದಕ ವಸ್ತುಗಳ ನಿಯಂತ್ರಣಕ್ಕೆ ಬಂದ 1985ರ ಎನ್‌ಡಿಪಿಎಸ್ ಕಾಯಿದೆ ಕಠಿಣ ಶಿಕ್ಷೆಗಳನ್ನು ತಂದಿತಾದರೂ, ಚಿಕಿತ್ಸಾ ಕೇಂದ್ರ ತೆರೆಯುವ ಅಧಿಕಾರವನ್ನೂ ಸರ್ಕಾರಕ್ಕೆ ಕೊಟ್ಟಿತು. ತಾನಾಗಿ ಚಿಕಿತ್ಸೆಗೆ ಬಂದವನಿಗೆ ವಿಚಾರಣೆಯಿಂದ ರಕ್ಷಣೆ ಕೊಡುವ 64ಎ ಕಲಮು 1989ರ ತಿದ್ದುಪಡಿಯಲ್ಲಿ ಸೇರಿತು. ಪುಣೆಯಲ್ಲಿ ಡಾ. ಅನಿತಾ ಅವಚಟ್ ಮತ್ತು ಲೇಖಕ ಅನಿಲ್ ಅವಚಟ್ ದಂಪತಿ 1986ರಲ್ಲಿ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ ಕಟ್ಟಿದರು. ಬ್ರೌನ್ ಶುಗರ್ ಕುರಿತ ಅನಿಲರ ಲೇಖನಗಳನ್ನು ಓದಿದ ಮರಾಠಿ ಸಾಹಿತಿ ಪು.ಲ. ದೇಶಪಾಂಡೆ ಮತ್ತು ಸುನೀತಾ ದೇಶಪಾಂಡೆ ಅದಕ್ಕೆ ನೆರವಾದರು. ಚೆನ್ನೈಯಲ್ಲಿ ಶಾಂತಿ ರಂಗನಾಥನ್ 1980ರಲ್ಲಿ ಸ್ಥಾಪಿಸಿದ ಟಿಟಿಕೆ ಕೇಂದ್ರವಿತ್ತು. ಅಂದಿನ ವ್ಯಸನಮುಕ್ತಿ ಕೇಂದ್ರಗಳ ಸಾಮಾನ್ಯ ಕ್ರಮವೆಂದರೆ ಕೆಲವು ದಿನ ಬಾಧೆ ಇಳಿಸುವ ಔಷಧ, ಆಮೇಲೆ ಆಪ್ತಸಲಹೆ, ಗುಂಪು ಸಭೆ, ಸಂಪೂರ್ಣ ತ್ಯಾಗ. ಕುಡಿತದಿಂದ ಹೊರಬಂದ ಎಷ್ಟೋ ಜನರಿಗೆ ಈ ದಾರಿ ಬದುಕು ಕೊಟ್ಟಿತು. ಹೆರಾಯಿನ್ ಬಿಟ್ಟವರಲ್ಲಿ ಬಹುಪಾಲು ಜನ ಮಾತ್ರ ಮನೆಗೆ ಮರಳಿದ ಸ್ವಲ್ಪ ಕಾಲದಲ್ಲೇ ಮತ್ತೆ ಜಾರುತ್ತಿದ್ದರು. ಬಿಟ್ಟು ಕೆಲವು ವಾರವಾದ ದೇಹಕ್ಕೆ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಉಳಿದಿರುವುದಿಲ್ಲ. ಆದ್ದರಿಂದ ಆಗಿನ ಒಂದು ಜಾರುವಿಕೆ ಹಲವೊಮ್ಮೆ ಸಾವಾಗುತ್ತದೆ.

ದಿಕ್ಕು ಬದಲಿಸಿದ್ದು ಎಚ್‌ಐವಿ. ಮಣಿಪುರದಲ್ಲಿ 1989ರ ಕೊನೆಗೆ ಸೂಜಿ ಬಳಸುವವರಲ್ಲಿ ಮೊದಲ ಸೋಂಕು ಕಂಡಿತು. ಆರೇಳು ತಿಂಗಳೊಳಗೆ ಅವರಲ್ಲಿ ಅರ್ಧದಷ್ಟು ಜನಕ್ಕೆ ಅದು ತಗುಲಿತ್ತು. ಚಟ ಬಿಡಿಸುವ ತನಕ ಕಾಯುವ ವ್ಯವಧಾನ ಉಳಿಯಲಿಲ್ಲ. ಮೊದಲು ಸೂಜಿ ಬಿಡಿಸಬೇಕಿತ್ತು. 1990ರ ದಶಕದ ಆರಂಭದಲ್ಲಿ ದೆಹಲಿಯ ಏಮ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವೂ ಶರಣ್ ಎಂಬ ಸ್ವಯಂಸೇವಾ ಸಂಸ್ಥೆಯೂ ಬ್ಯೂಪ್ರೆನಾರ್ಫಿನ್ ಮಾತ್ರೆಯಿಂದ ನಿರ್ವಹಣಾ ಚಿಕಿತ್ಸೆ ಆರಂಭಿಸಿದವು. ಆಗ ಸಿಗುತ್ತಿದ್ದುದು ನೋವಿಗೆಂದು ತಯಾರಾದ 0.2 ಮಿಲಿಗ್ರಾಮಿನ ಪುಟ್ಟ ಮಾತ್ರೆ, ಅದು ಸಾಲುತ್ತಿರಲಿಲ್ಲ. ಇದೇ ಔಷಧದ ಚುಚ್ಚುಮದ್ದು ಉತ್ತರ ಭಾರತದ ಔಷಧದಂಗಡಿಗಳಿಂದ ಸೋರಿ ಹೊಸ ಚಟಕ್ಕೂ ಕಾರಣವಾಯಿತು. ಹಾಗಾಗಿ 2 ಮಿಲಿಗ್ರಾಮಿನ ಮಾತ್ರೆ ಬಂದಾಗ ಅದನ್ನು ವ್ಯಸನ ಚಿಕಿತ್ಸಾ ಕೇಂದ್ರಗಳಿಗಷ್ಟೇ ಸೀಮಿತಗೊಳಿಸಿದರು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯಾದ ನಾಕೊ, 2007ರಲ್ಲಿ ಆರಂಭವಾದ ತನ್ನ ಮೂರನೇ ಹಂತದ ಕಾರ್ಯಕ್ರಮದಲ್ಲಿ ಓಎಸ್‌ಟಿಯನ್ನು ಸೇರಿಸಿಕೊಂಡಿತು. ನಂತರದ ವರ್ಷಗಳಲ್ಲಿ ಇಂಥ ಕೇಂದ್ರಗಳ ಸಂಖ್ಯೆ 200 ದಾಟಿತು. ಮೆಥಡೋನ್ 2012ರಲ್ಲಿ ಪ್ರಾಯೋಗಿಕವಾಗಿ ಬಂತು. ಮುಂಬಯಿಯ ಕೆಇಎಂ ಆಸ್ಪತ್ರೆ, ಇಂಫಾಲದ ರಿಮ್ಸ್ ಮೊದಲ ಕೇಂದ್ರಗಳ ಸಾಲಿನಲ್ಲಿದ್ದವು. 2014ರಲ್ಲಿ ಎನ್‌ಡಿಪಿಎಸ್ ಕಾಯಿದೆಗೆ ತಿದ್ದುಪಡಿಯಾಗಿ ವ್ಯಸನಿಗಳ ‘ನಿರ್ವಹಣೆ’ಯೂ ಕಾಯಿದೆಯ ಮಾತಿನೊಳಗೆ ಸೇರಿತು. ದೀರ್ಘಕಾಲ ಔಷಧ ಕೊಡುವ ವೈದ್ಯನಿಗೆ ಅಲ್ಲಿಯ ತನಕ ಇದ್ದ ಅಳುಕು ಇದರಿಂದ ಬಹುಮಟ್ಟಿಗೆ ಕಳೆಯಿತು.

ಕರ್ನಾಟಕದಲ್ಲಿ ಈ ಚಿಕಿತ್ಸೆಯ ಕೇಂದ್ರಬಿಂದು ಬೆಂಗಳೂರಿನ ನಿಮ್ಹಾನ್ಸ್. 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಕೂಡಿ ರೂಪುಗೊಂಡ ಈ ಸಂಸ್ಥೆಯಲ್ಲಿ 1990ರ ದಶಕದಿಂದ ಪ್ರತ್ಯೇಕ ವ್ಯಸನ ಚಿಕಿತ್ಸಾ ಘಟಕವಿದೆ. ಇಲ್ಲಿನ ವೈದ್ಯರು ಗಮನಿಸಿದ ಹೊಸ ಸಂಗತಿಯೆಂದರೆ ಔಷಧದಂಗಡಿಯ ಮಾತ್ರೆಗಳೇ ಚಟವಾಗಿರುವುದು. ಡೆಕ್ಸ್‌ಟ್ರೋಪ್ರೊಪಾಕ್ಸಿಫೀನ್ 2013ರಲ್ಲಿ ನಿಷೇಧಗೊಂಡಿತು, ಟ್ರಮಡಾಲ್ 2018ರಲ್ಲಿ ಎನ್‌ಡಿಪಿಎಸ್ ವ್ಯಾಪ್ತಿಗೆ ಬಂತು. ಆ ಜಾಗಕ್ಕೆ ಟಪೆಂಟಡಾಲ್ ನುಸುಳಿತು. ಒಂದು ಮಾತ್ರೆ ಮುಚ್ಚಿದರೆ ಇನ್ನೊಂದು ತೆರೆಯುವ ಈ ಸರಣಿ, ನಿಷೇಧವೊಂದರಿಂದಲೇ ವ್ಯಸನ ನಿಲ್ಲದೆಂಬುದಕ್ಕೆ ಸಾಕಷ್ಟು ಪುರಾವೆ. ದೂರದ ಜಿಲ್ಲೆಗಳ ವೈದ್ಯರಿಗೆ ಅಂತರ್ಜಾಲದ ಮೂಲಕ ವ್ಯಸನ ಚಿಕಿತ್ಸೆಯ ತರಬೇತಿ ಕೊಡುವ ಜಾಲವನ್ನೂ ನಿಮ್ಹಾನ್ಸ್ ನಡೆಸುತ್ತಿದೆ.

ಹೀಗೆ ದೊಡ್ಡ ಊರುಗಳಲ್ಲಿ ಬೆಳೆದ ವ್ಯವಸ್ಥೆ ಮರಾಠವಾಡದ ಕನ್ನಡ ಗಡಿಗೆ ತಲುಪುವುದು ಕಷ್ಟ. ಉದಗೀರ, ನಿಲಂಗಾ ತಾಲೂಕುಗಳು 1956ರ ತನಕ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. ರಾಜ್ಯ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯಕ್ಕೆ ಸೇರಿ, 1982ರಲ್ಲಿ ಲಾತೂರ ಜಿಲ್ಲೆ ರಚನೆಯಾದಾಗ ಅದರೊಳಗಾದವು. ಉಮರ್ಗಾ ಧಾರಾಶಿವ ಜಿಲ್ಲೆಯಲ್ಲಿ ಉಳಿಯಿತು. ಈ ಸೀಮೆಯ ಹಳ್ಳಿಗಳಲ್ಲಿ ವ್ಯಸನವೆಂದರೆ ಮೊದಲು ನೆನಪಾಗುವುದು ಸಾರಾಯಿ, ಗುಟಖಾ. ಓಪಿಯಾಯ್ಡ್ ಚಟ ಇಲ್ಲಿ ಕಣ್ಣಿಗೆ ಬೀಳುವಂಥದ್ದಲ್ಲ; ಕೆಮ್ಮಿನ ಸಿರಪ್ಪು, ನೋವಿನ ಮಾತ್ರೆಯ ರೂಪದಲ್ಲಿರುವುದನ್ನು ಮನೆಯವರು ಗುರುತಿಸುವುದೇ ತಡವಾಗಿ. ಸೂಜಿ ಬಳಸುವವರು ಹೆಚ್ಚಿರುವ ಊರುಗಳಲ್ಲಿ ಕೇಂದ್ರ ತೆರೆಯುವುದು ನಾಕೊ ಕ್ರಮ. ಆದ್ದರಿಂದ ಈ ಸೀಮೆಯ ಜಳಕೋಟದಂಥ ಊರಿನವರು ವ್ಯಸನ ತಜ್ಞರನ್ನು ಕಾಣಬೇಕಾದರೆ ಲಾತೂರ, ಸೋಲಾಪುರ ಇಲ್ಲವೇ ಗಡಿಯಾಚೆಯ ಬೀದರದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳತ್ತ ನೋಡಬೇಕು. ದಿನಾ ಆಸ್ಪತ್ರೆಗೆ ಬಂದು ಸಿಬ್ಬಂದಿಯ ಎದುರಲ್ಲೇ ಮಾತ್ರೆ ಕರಗಿಸಬೇಕೆಂಬ ನಿಯಮ ನಗರವಾಸಿಗೆ ಒಗ್ಗಬಹುದು. ಬಸ್ಸಿನ ಖರ್ಚು ಮತ್ತು ಒಂದು ದಿನದ ಕೂಲಿ ಎರಡನ್ನೂ ಕಳೆದುಕೊಳ್ಳುವ ಹೊಲಗೂಲಿಗೆ ಅದು ಚಿಕಿತ್ಸೆಯ ಬಾಗಿಲನ್ನೇ ಮುಚ್ಚುತ್ತದೆ. ಮನೆಯಲ್ಲಿ ಕನ್ನಡ, ಶಾಲೆ-ಕಚೇರಿಯಲ್ಲಿ ಮರಾಠಿ ಆಡುವವರಿಗೆ ಆಪ್ತಸಲಹೆ ಯಾವ ನುಡಿಯಲ್ಲಿ ಸಿಗುತ್ತದೆಂಬುದೂ ಸಣ್ಣ ಪ್ರಶ್ನೆಯಲ್ಲ. ಔಷಧದ ಜೊತೆಗೆ ಮಾತೂ ಈ ಚಿಕಿತ್ಸೆಯ ಅಂಗ.

ನಿಯಮ ಸಡಿಲಿಸಿದರೆ ಏನಾಗುತ್ತದೆಂಬ ಅನುಭವ ದೇಶಕ್ಕೆ ಇದೆ. 2020ರ ಲಾಕ್‌ಡೌನ್‌ನಲ್ಲಿ ಓಎಸ್‌ಟಿ ಕೇಂದ್ರಗಳು ಹಲವು ದಿನಗಳ ಮಾತ್ರೆಯನ್ನು ಮನೆಗೆ ಕೊಡಲು ಅನುಮತಿ ಸಿಕ್ಕಿತು. ಚಿಕಿತ್ಸೆ ಕಡಿದುಹೋಗದೆ ಮುಂದುವರಿಯಿತು. ಪಂಜಾಬ್ 2017ರಿಂದಲೇ ಹೊರರೋಗಿ ಕೇಂದ್ರಗಳ ದೊಡ್ಡ ಜಾಲದಲ್ಲಿ ಬ್ಯೂಪ್ರೆನಾರ್ಫಿನ್-ನಾಲಾಕ್ಸೋನ್ ಹಂಚುತ್ತಿದೆ. ಅಲ್ಲಿ ಮಾತ್ರೆ ಸೋರಿಹೋದ ದೂರುಗಳೂ ಬಂದಿವೆ, ನಿಗಾ ಬೇಕೇ ಬೇಕು.

ಒಂದು ಚಟದ ಬದಲು ಇನ್ನೊಂದು ಚಟ ಎಂಬ ಆಕ್ಷೇಪ ಈ ಚಿಕಿತ್ಸೆಯ ಬೆನ್ನಿಗೆ ಮೊದಲಿನಿಂದ ಬಂದಿದೆ. ಆಕ್ಷೇಪಕ್ಕೆ ಹುರುಳಿಲ್ಲ. ದೇಹಕ್ಕೆ ಔಷಧದ ಅವಲಂಬನೆ ಇರುವುದು ನಿಜ, ಆದರೆ ಅಮಲಿನ ಏರಿಳಿತ, ಕಳ್ಳತನ, ಸೂಜಿ, ಅಕಾಲ ಸಾವು ಕಡಿಮೆಯಾಗುತ್ತವೆಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಅವಸರದಲ್ಲಿ ಔಷಧ ನಿಲ್ಲಿಸಿದವರಲ್ಲಿ ಸಾವಿನ ಅಪಾಯ ಮತ್ತೆ ಏರುತ್ತದೆ. ಹಾಗಿದ್ದೂ ಹೊಡೆದು, ಕಟ್ಟಿಹಾಕಿ ಚಟ ಬಿಡಿಸುವ ಖಾಸಗಿ ಕೇಂದ್ರಗಳು ದೇಶದಲ್ಲಿ ಇನ್ನೂ ಸುದ್ದಿಯಾಗುತ್ತಿವೆ. ವ್ಯಸನವನ್ನೂ ಮಾನಸಿಕ ಕಾಯಿಲೆಗಳ ಸಾಲಿಗೆ ಸೇರಿಸಿದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಲ್ಲಿ ಬಿಗಿಯುವುದನ್ನು ನಿಷೇಧಿಸಿದೆ.

ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಓಪಿಯಾಯ್ಡ್ ಬಳಸುವವರು ಸುಮಾರು 2.26 ಕೋಟಿ; ಅವರಲ್ಲಿ ಸುಮಾರು 77 ಲಕ್ಷ ಜನಕ್ಕೆ ನೆರವಿನ ಅಗತ್ಯವಿದೆ. ಚಿಕಿತ್ಸೆಯಲ್ಲಿರುವವರು ಅದರ ಅಲ್ಪಭಾಗ. ವ್ಯಸನಿಗಳಿಗೂ ಅವರ ಮನೆಯವರಿಗೂ 14446 ಎಂಬ ರಾಷ್ಟ್ರೀಯ ಸಹಾಯವಾಣಿ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಉಚಿತವಾಗಿ ಸಿಗುತ್ತದೆ.