ಆರ್.ಟಿ. ನಗರದಲ್ಲಿ ನಾಲ್ಕು ದನಿಗಳ ಪಾಠ

ಬೆಂಗಳೂರಿನಲ್ಲಿ ಪಾಶ್ಚಾತ್ಯ ಸಂಗೀತ ಬಹುಕಾಲ ಹೆಚ್ಚಾಗಿ ದಂಡು ಪ್ರದೇಶದ ಚರ್ಚುಗಳಲ್ಲಿ, ಕಾನ್ವೆಂಟ್ ಶಾಲೆಗಳಲ್ಲಿ, ಪಿಯಾನೊ ಇದ್ದ ಕೆಲವೇ ಮನೆಗಳಲ್ಲಿ ಉಳಿದಿತ್ತು. ಆಸಕ್ತಿಯುಳ್ಳ ಯಾರಾದರೂ ಬಂದು ಅದನ್ನು ಕ್ರಮವಾಗಿ ಕಲಿಯುವಂತಾಗಲೆಂದು ಅರುಣಾ ಸುಂದರ್‌ಲಾಲ್ 1987ರಲ್ಲಿ ಬೆಂಗಳೂರು ಸ್ಕೂಲ್ ಆಫ್ ಮ್ಯೂಸಿಕ್ ಆರಂಭಿಸಿದರು. ಲಾಭದ ಉದ್ದೇಶವಿಲ್ಲದ ಈ ಶಾಲೆ ಆರ್.ಟಿ. ನಗರದಲ್ಲಿ ನೆಲೆಯೂರಿತು. ಪಿಯಾನೊ, ಪಿಟೀಲು, ಗಿಟಾರ್, ಗಾಯನ ಎಲ್ಲವೂ ಇಲ್ಲಿನ ಪಾಠಗಳೇ.

ಇವುಗಳಲ್ಲಿ ಗಮನಿಸಬೇಕಾದದ್ದು ಕಾಯಿರ್, ಅಂದರೆ ಮೇಳಗಾಯನ. ನಮ್ಮ ಭಜನೆಯಲ್ಲಿ ಎಲ್ಲರೂ ಸೇರಿ ಒಂದೇ ಸ್ವರ ಹಿಡಿಯುತ್ತೇವೆ. ಕಾಯಿರ್‌ನಲ್ಲಿ ಸಾಮಾನ್ಯವಾಗಿ ನಾಲ್ಕು ಪಾಲು: ಹೆಣ್ಣುದನಿಯಲ್ಲಿ ಮೇಲಿನದು ಸೊಪ್ರಾನೊ, ಕೆಳಗಿನದು ಆಲ್ಟೊ, ಗಂಡುದನಿಯಲ್ಲಿ ಟೆನರ್ ಮತ್ತು ಬೇಸ್. ಪಕ್ಕದವರು ಬೇರೆ ಸ್ವರ ಹಾಡುತ್ತಿರುವಾಗ ತನ್ನದನ್ನು ಬಿಡದೆ ನಿಲ್ಲುವುದು, ಆದರೂ ಅವರ ದನಿಗೆ ಕಿವಿಗೊಟ್ಟಿರುವುದು ಸುಲಭವಲ್ಲ. ಶ್ರುತಿ ಪೆಟ್ಟಿಗೆಯ ಜೊತೆ ಬೆಳೆದ ಮಗುವಿಗಂತೂ ಇದು ಹೊಸ ಲೋಕ. ಎಲ್ಲಿ ಉಸಿರೆಳೆಯಬೇಕು, ಎಲ್ಲಿ ದನಿ ತಗ್ಗಬೇಕು, ಪದದ ಕೊನೆಯ ಅಕ್ಷರ ಯಾವಾಗ ಒಟ್ಟಿಗೆ ಮುಗಿಯಬೇಕು ಎಂಬುದೆಲ್ಲ ನಿರ್ದೇಶಕರ ಕೈಸನ್ನೆಯಲ್ಲಿದೆ. ವೇದಿಕೆಯಲ್ಲಿ ಅವರು ಪ್ರೇಕ್ಷಕರಿಗೆ ಬೆನ್ನು ಮಾಡಿಯೇ ನಿಲ್ಲುತ್ತಾರೆ. ಅವರ ಶ್ರಮವೆಲ್ಲ ಬೇರೆಯವರ ಕಂಠದಲ್ಲಿ ಕೇಳಿಸುತ್ತದೆ.

ಪಾಶ್ಚಾತ್ಯ ಸಂಗೀತ ನಮಗೆ ಹೊರಗಿನದೆನಿಸಬಹುದು; ಆದರೆ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೊ ಬಲ್ಲವರು, ಕರ್ನಾಟಕ ಸಂಗೀತದ ಕೃತಿಗಳನ್ನೂ ರಚಿಸಿದವರು. ಎರಡೂ ಪರಂಪರೆಗಳನ್ನು ಒಟ್ಟಿಗೆ ಪ್ರೀತಿಸುವುದು ಈ ನಾಡಿಗೆ ಹೊಸದೇನಲ್ಲ. ಅರುಣಾ ಅವರ ‘ಈಸ್ಟ್ ವೆಸ್ಟ್’ ಸಂಗೀತ–ನೃತ್ಯ ಉತ್ಸವವೂ ಭಾರತದ ಮತ್ತು ಹೊರದೇಶಗಳ ಕಲಾವಿದರನ್ನು ಬೆಂಗಳೂರಿನ ವೇದಿಕೆಗೆ ತಂದಿತು.