ಕಡಲಾಚೆಯ ಸ್ಪರ್ಶ

ದೂರದವರ ದನಿಯನ್ನು ಕೇಳುವುದು ನಮಗೆ ಹೊಸದಲ್ಲ. ಬಾನುಲಿಯ ಈ ಮಾತುಗಳು ತಮ್ಮನ್ನು ತಲುಪುತ್ತಿರುವುದೂ ಹಾಗೆಯೇ. ಕಿವಿಯೂ ಕಣ್ಣೂ ದೂರವನ್ನು ಗೆದ್ದು ಬಹುಕಾಲವಾಯಿತು. ಸ್ಪರ್ಶ ಮಾತ್ರ ಹತ್ತಿರದವರ ಸೊತ್ತಾಗಿಯೇ ಉಳಿದಿತ್ತು. ಆ ಹಠವನ್ನು ಮುರಿಯಲು ಎರಡು ದೇಶಗಳ ವಿದ್ವಾಂಸರು ಕೈಹಾಕಿದ ಕಥೆಯಿದು.

ಇದರ ಬೇರು 1965ರಲ್ಲಿದೆ. ಗಣಕಯಂತ್ರ ಸೃಷ್ಟಿಸುವ ಲೋಕವು ಕಣ್ಣಿಗಷ್ಟೇ ಅಲ್ಲ, ಕೈಗೂ ದಕ್ಕಬೇಕೆಂದು ಅಮೆರಿಕದ ಐವಾನ್ ಸದರ್‌ಲ್ಯಾಂಡ್ ಆ ವರ್ಷ ಒಂದು ಪುಟ್ಟ ಪ್ರಬಂಧದಲ್ಲಿ ಕನಸು ಕಂಡರು. 1968ರಲ್ಲಿ ಅವರು ಲೋಕದ ಮುಂದಿಟ್ಟ, ತಲೆಗೆ ತೊಡುವ ಯಂತ್ರವು ಮಾಡಿನಿಂದ ಇಳಿಬಿದ್ದಿತ್ತು. ಒಳಗೆ ಕಾಣುತ್ತಿದ್ದುದು ಬರಿಯ ಗೆರೆಗಳ ಆಕೃತಿ. ಆದರೂ ನೋಡುವವನು ತಲೆ ಹೊರಳಿಸಿದಂತೆ ಅದರ ಮಗ್ಗುಲೂ ಬದಲಾಗುತ್ತಿತ್ತು. 1990ರ ದಶಕದಲ್ಲಿ ಸ್ವೀಡನ್ನಿನ ಗಣಕವಿಜ್ಞಾನ ಸಂಸ್ಥೆ ರೂಪಿಸಿದ 'ಡೈವ್' ಎಂಬ ವ್ಯವಸ್ಥೆಯಿಂದ ಬೇರೆ ಬೇರೆ ಊರಿನವರು ಒಂದೇ ಕಲ್ಪಿತ ಕೋಣೆಯಲ್ಲಿ ಅಡ್ಡಾಡುವಂತಾಯಿತು. ಅಲ್ಲಿ ಎದುರಾದವರನ್ನು ನೋಡಬಹುದಿತ್ತು, ಮಾತನಾಡಿಸಬಹುದಿತ್ತು. ಕೈಚಾಚಿದರೆ ಮಾತ್ರ ಬಯಲು.

ಅಮೆರಿಕದ ಎಂ.ಐ.ಟಿ.ಯಲ್ಲಿ ಸ್ಪರ್ಶದ ಪ್ರಯೋಗಶಾಲೆಯನ್ನು ನಡೆಸುತ್ತಿದ್ದವರು ಮಂಡಯಂ ಶ್ರೀನಿವಾಸನ್. ಮಂಡಯಂ ಎಂಬ ಹೆಸರು ಮೈಸೂರು ಸೀಮೆಯವರಿಗೆ ಅಪರಿಚಿತವಲ್ಲವಷ್ಟೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಮೆಲ್ ಸ್ಲೇಟರ್ ಅವರದು ಬೇರೊಂದು ಜಿಜ್ಞಾಸೆ: ಇಲ್ಲದ ಲೋಕದೊಳಗೆ ನಿಂತವನಿಗೆ 'ನಾನು ಇಲ್ಲಿದ್ದೇನೆ' ಎಂಬ ಭಾವ ಹೇಗೆ ಹುಟ್ಟುತ್ತದೆ? ಒಬ್ಬರದು ಕೈಯ ಶಾಸ್ತ್ರ, ಇನ್ನೊಬ್ಬರದು ಮನಸ್ಸಿನ ಶಾಸ್ತ್ರ. ಇಬ್ಬರೂ ಜೊತೆಗೂಡಿದ್ದು ಸಹಜವೇ.

ತೊಡಕು ಇದ್ದುದು ಕಾಲದಲ್ಲಿ. ಕಣ್ಣನ್ನು ನಂಬಿಸಲು ಸೆಕೆಂಡಿಗೆ 25-30 ಚಿತ್ರಗಳು ಸಾಕು. ಕೈ ಅಷ್ಟು ಸುಲಭವಾಗಿ ಮೋಸಹೋಗುವುದಿಲ್ಲ. ಗಟ್ಟಿ ವಸ್ತುವೆಂದು ಅದು ಒಪ್ಪಬೇಕಾದರೆ ಒತ್ತಡದ ಲೆಕ್ಕವನ್ನು ಸೆಕೆಂಡಿಗೆ ಸುಮಾರು 1,000 ಬಾರಿ ಹೊಸದಾಗಿ ಕಟ್ಟಬೇಕು. ಗಾಜಿನ ತಂತಿಯೊಳಗೆ ಬೆಳಕು ಕ್ರಮಿಸುವುದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಹೀಗಾಗಿ 5,000 ಕಿಲೋಮೀಟರಿಗೂ ಮಿಗಿಲಾದ ಕಡಲ ಹಾದಿಯನ್ನು ದಾಟುವ ಹೊತ್ತಿಗೆ ಕೈಯ ಲೆಕ್ಕ 25 ಬಾರಿಯಾದರೂ ಹಳತಾಗಿರುತ್ತದೆ. ಆಚೆಯವನು ನೂಕುವುದನ್ನು ನಿಲ್ಲಿಸಿದ ಮೇಲೂ ಈಚೆಯವನಿಗೆ ನೂಕು ಬರುತ್ತಲೇ ಇರುತ್ತದೆ. ಅದಕ್ಕೆ ಇವನು ಎದುರೊತ್ತುತ್ತಾನೆ. ವಸ್ತು ಜ್ವರ ಬಂದಂತೆ ನಡುಗತೊಡಗುತ್ತದೆ. ಆ ನಡುಕವನ್ನು ತಗ್ಗಿಸುವುದೇ ಅವರ ದೊಡ್ಡ ಸಾಹಸವಾಯಿತು.

2002ರ ಅಕ್ಟೋಬರ್ 29ರಂದು ಪ್ರದರ್ಶನ ನಡೆಯಿತು. ಮೋಟಾರುಗಳಿದ್ದ ಪುಟ್ಟ ಯಂತ್ರತೋಳನ್ನು ಅಲ್ಲೊಬ್ಬರು, ಇಲ್ಲೊಬ್ಬರು ಹಿಡಿದು, ಪರದೆಯ ಮೇಲಿನ ಒಂದೇ ಪೆಟ್ಟಿಗೆಯನ್ನು ಎರಡು ಮಗ್ಗುಲಿಂದ ಒತ್ತಿ ಮೇಲೆತ್ತಿದರು. ಪತ್ರಿಕೆಗಳು ಇದನ್ನು ಕಡಲಾಚೆಯ ಹಸ್ತಲಾಘವವೆಂದು ಕೊಂಡಾಡಿದವು. ಅದು ತುಸು ಅತಿಯಾಯಿತು. ಅಲ್ಲಿ ಯಾರೂ ಯಾರ ಕೈಯನ್ನೂ ಕುಲುಕಿರಲಿಲ್ಲ. ನನಗೇನೋ ಪೆಟ್ಟಿಗೆ ಎತ್ತಿದ್ದೇ ಹೆಚ್ಚಿನದೆನಿಸುತ್ತದೆ. ಎದುರಿನವನ ಒತ್ತು ಸಡಿಲಿದರೆ ಪೆಟ್ಟಿಗೆ ಜಾರುವುದು ಖಂಡಿತ. ಮುಂದೆ 2004ರಲ್ಲಿ ಈ ತಂಡ ಪ್ರಕಟಿಸಿದ ಪರೀಕ್ಷೆಯಲ್ಲೂ, ಒತ್ತಡವನ್ನು ಕೈಯಾರೆ ಅನುಭವಿಸುತ್ತ ಪೆಟ್ಟಿಗೆ ಎತ್ತಿದವರಿಗೆ, ಬರಿಯ ಕಣ್ಣನ್ನು ನೆಚ್ಚಿ ಎತ್ತಿದವರಿಗಿಂತ, ಆಚೆಯ ದಡದಲ್ಲೊಬ್ಬ ಜೊತೆಗಾರನಿದ್ದಾನೆಂಬ ಭಾವ ಗಾಢವಾಗಿತ್ತು.