ಪೈಲಟ್‌ಗಳ ಹೆಡ್‌ಸೆಟ್: ಸದ್ದು ತಗ್ಗಬೇಕು, ತಲೆ ನೋಯಬಾರದು

ಮಂಗಳೂರಿನಿಂದ ದುಬಾಯಿಗೆ ಹೋಗಿ ಇಳಿದ ಮೇಲೂ ಸ್ವಲ್ಪ ಹೊತ್ತು ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಉಳಿದಿರುತ್ತದೆ. ಗಲ್ಫಿಗೆ ಹೋಗಿ ಬರುವ ನಮ್ಮ ಕಡೆಯವರಿಗೆ ಇದು ಗೊತ್ತಿರುವ ಸಂಗತಿಯೇ. ಪ್ರಯಾಣಿಕರು ಮೂರೂವರೆ-ನಾಲ್ಕು ಗಂಟೆಯಲ್ಲಿ ಅದರಿಂದ ಪಾರಾಗುತ್ತಾರೆ. ಆದರೆ ಅದೇ ವಿಮಾನವನ್ನು ಸ್ವಲ್ಪ ಬಿಡುವಿನ ನಂತರ ಮರಳಿ ತರುವ ಪೈಲಟ್ ಏಳೆಂಟು ಗಂಟೆ ಆ ಸದ್ದಿನ ನಡುವೆಯೇ ಕೂತು, ನಿಯಂತ್ರಣ ಕೊಠಡಿಯವರ ಒಂದೊಂದು ಮಾತನ್ನೂ ತಪ್ಪದೆ ಕೇಳಿಸಿಕೊಳ್ಳಬೇಕು. ಆತನ ತಲೆಯ ಮೇಲಿರುವ ಹೆಡ್‌ಸೆಟ್ ಅಲಂಕಾರದ ವಸ್ತುವಲ್ಲ, ಕೆಲಸದ ಸಾಧನ. ಅದನ್ನು ಆರಿಸುವುದು ಹೇಗೆ ಎಂಬ ಬಗ್ಗೆ ಇಲ್ಲಿ ಕೆಲವು ಮಾಹಿತಿಗಳಿವೆ. ಮಕ್ಕಳನ್ನು ಪೈಲಟ್ ತರಬೇತಿಗೆ ಕಳುಹಿಸಿರುವ ಹೆತ್ತವರಿಗೂ ಇದು ಉಪಯೋಗವಾದೀತು.

ಕಿವಿಯೇ ಲೈಸೆನ್ಸ್

ವಿಮಾನ ಕಂಪನಿಯ ಪೈಲಟ್‌ಗೆ ಮೊದಲ ದರ್ಜೆಯ ವೈದ್ಯಕೀಯ ಅರ್ಹತೆ ಬೇಕು. ಅದರಲ್ಲಿ ಶ್ರವಣ ಪರೀಕ್ಷೆಯೂ ಸೇರಿದೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮದ ಪ್ರಕಾರ 500, 1000 ಮತ್ತು 2000 ಹರ್ಟ್ಸ್‌ಗಳಲ್ಲಿ ಯಾವ ಕಿವಿಯಲ್ಲೂ 35 ಡೆಸಿಬಲ್‌ಗಿಂತ ಹೆಚ್ಚು, 3000 ಹರ್ಟ್ಸ್‌ನಲ್ಲಿ 50 ಡೆಸಿಬಲ್‌ಗಿಂತ ಹೆಚ್ಚು ಶ್ರವಣ ನಷ್ಟ ಇರಬಾರದು. ಕಾಕ್‌ಪಿಟ್‌ನಂಥ ಸದ್ದಿನ ನಡುವೆಯೂ ಮಾತು ಸರಿಯಾಗಿ ಕೇಳುತ್ತದೆ ಎಂದು ಸಾಬೀತಾದರೆ ವಿನಾಯಿತಿ ಉಂಟು. ಸದ್ದಿನಿಂದಾಗುವ ಹಾನಿ ಸಾಮಾನ್ಯವಾಗಿ 4000 ಹರ್ಟ್ಸ್‌ನ ಆಸುಪಾಸಿನಲ್ಲಿ ಶುರುವಾಗುತ್ತದೆ. ನೋವಿಲ್ಲ, ಸೂಚನೆಯಿಲ್ಲ. ಗೊತ್ತಾಗುವ ಹೊತ್ತಿಗೆ ಹೋದದ್ದು ಹೋಗಿರುತ್ತದೆ, ಮರಳಿ ಬರುವುದಿಲ್ಲ.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಹೆಚ್ಚು ಇರಬಾರದು ಎನ್ನುತ್ತದೆ. ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತದೆ. ಅಂದರೆ 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ ಮಾತ್ರ. ದೊಡ್ಡ ಜೆಟ್ ವಿಮಾನಗಳ ಕಾಕ್‌ಪಿಟ್ ಬಹುಮಟ್ಟಿಗೆ ಈ ಮಿತಿಯ ಕೆಳಗೋ ಅಂಚಿನಲ್ಲೋ ಇರುತ್ತದೆ. ಆದರೆ ಸದ್ದನ್ನು ಮೀರಿ ಕೇಳಬೇಕೆಂದು ಪೈಲಟ್ ರೇಡಿಯೋದ ವಾಲ್ಯೂಮ್ ಏರಿಸುತ್ತಾನಲ್ಲ, ಕಿವಿಗೆ ನಿಜವಾದ ಪೆಟ್ಟು ಅಲ್ಲಿಂದಲೇ ಬರಬಹುದು. ಹೊರಗಿನ ಸದ್ದು ತಗ್ಗಿದರೆ ವಾಲ್ಯೂಮ್ ತಾನಾಗಿಯೇ ಇಳಿಯುತ್ತದೆ.

ಸದ್ದಿಗೆ ಸದ್ದೇ ಮದ್ದು

ಹೆಡ್‌ಸೆಟ್ ಎರಡು ರೀತಿಯಲ್ಲಿ ಸದ್ದನ್ನು ತಡೆಯುತ್ತದೆ. ಮೊದಲನೆಯದು ಮುಚ್ಚಿ ತಡೆಯುವುದು. ಮೆತ್ತನೆಯ ಅಂಚಿರುವ ಕಪ್ ಕಿವಿಯನ್ನು ಪೂರ್ತಿ ಮುಚ್ಚುತ್ತದೆ. ಅಮೆರಿಕದ ಡೇವಿಡ್ ಕ್ಲಾರ್ಕ್ ಕಂಪನಿಯ ಹಸಿರು ಬಣ್ಣದ ಹೆಡ್‌ಸೆಟ್‌ಗಳು 1970ರ ದಶಕದಿಂದ ಹೆಸರು ಮಾಡಿದ್ದು ಹೀಗೆ. ಕೀರಲು ಸದ್ದುಗಳಿಗೆ ಈ ವಿಧಾನ ಚೆನ್ನಾಗಿದೆ, ಗುಡುಗಿನಂಥ ತಗ್ಗು ಸ್ವರಗಳಿಗೆ ಸಾಲದು.

ಎರಡನೆಯದು ಸದ್ದನ್ನು ಸದ್ದಿನಿಂದಲೇ ಹೊಡೆಯುವುದು. ಕಪ್ಪಿನೊಳಗಿನ ಪುಟ್ಟ ಮೈಕ್ ಬರುವ ಸದ್ದನ್ನು ಅಳೆಯುತ್ತದೆ. ವಿದ್ಯುನ್ಮಾನ ಮಂಡಲ ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಹುಟ್ಟಿಸುತ್ತದೆ. ಏರಿಗೆ ಇಳಿತ ಸೇರಿ ಎರಡೂ ಬಹುಪಾಲು ಅಳಿಯುತ್ತವೆ. ಅಮರ್ ಬೋಸ್ 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹೋಗುವ ವಿಮಾನದಲ್ಲಿ ಕೂತು ಇದರ ಮೊದಲ ಲೆಕ್ಕ ಹಾಕಿದರೆಂಬುದು ಪ್ರಸಿದ್ಧ. 1986ರ ಡಿಸೆಂಬರಿನಲ್ಲಿ ಎಲ್ಲೂ ಇಳಿಯದೆ, ಇಂಧನ ತುಂಬಿಸದೆ ಒಂಬತ್ತು ದಿನ ಹಾರಿ ಭೂಮಿಯನ್ನು ಸುತ್ತಿದ 'ವಾಯೇಜರ್' ವಿಮಾನದ ಇಬ್ಬರು ಪೈಲಟ್‌ಗಳು ಬೋಸ್ ಕಂಪನಿಯ ಮಾದರಿ ಹೆಡ್‌ಸೆಟ್ ಬಳಸಿದ್ದರು. 1989ರಲ್ಲಿ ಅದು ಮಾರುಕಟ್ಟೆಗೆ ಬಂತು. ಜರ್ಮನಿಯ ಸೆನ್‌ಹೈಸರ್ ಕೂಡ ಅದೇ ದಶಕದಲ್ಲಿ ಲುಫ್ತಾನ್ಸಾ ಪೈಲಟ್‌ಗಳಿಗಾಗಿ ಈ ಕೆಲಸದಲ್ಲಿ ತೊಡಗಿತ್ತು.

ಸೆಸ್ನಾ ಬೇರೆ, ಏರ್‌ಬಸ್ ಬೇರೆ

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ತರಬೇತಿಯ ಸೆಸ್ನಾ ವಿಮಾನದಲ್ಲಿ ಎಂಜಿನ್ ಮತ್ತು ಪ್ರೊಪೆಲರ್ ಮೂಗಿನ ಮುಂದೆಯೇ ಇರುತ್ತವೆ. ಅಲ್ಲಿನದು ದೊಡ್ಡ, ತಗ್ಗು ಸ್ವರದ ಸದ್ದು. ಅಲ್ಲಿಗೆ ಕಿವಿಯನ್ನು ಪೂರ್ತಿ ಮುಚ್ಚುವ, ಸಕ್ರಿಯ ತಡೆಯೂ ಇರುವ ಹೆಡ್‌ಸೆಟ್ ಸರಿ. ಏರ್‌ಬಸ್ 320 ಅಥವಾ ಬೋಯಿಂಗ್ 737ರಲ್ಲಿ ಎಂಜಿನ್‌ಗಳು ಎಷ್ಟೋ ಹಿಂದೆ ರೆಕ್ಕೆಯ ಕೆಳಗಿರುತ್ತವೆ. ಅಲ್ಲಿ ಕೇಳುವುದು ಹೆಚ್ಚಾಗಿ ಮುಂದಿನ ಗಾಜಿಗೆ ಬಡಿಯುವ ಗಾಳಿಯ ಮತ್ತು ತಂಪುಕಾರಕ ಫ್ಯಾನುಗಳ ಸದ್ದು. ಇದಕ್ಕೆ ಅಷ್ಟು ದೊಡ್ಡ ಹೆಡ್‌ಸೆಟ್ ಬೇಕಿಲ್ಲ, ಹಗುರವಾದದ್ದೇ ಮೇಲು.

ತೂಕ ನೋಡಿ. ಬೋಸ್‌ನ 2010ರ ಎ20 ಮಾದರಿ ಸುಮಾರು 340 ಗ್ರಾಂ. ಡೇವಿಡ್ ಕ್ಲಾರ್ಕ್‌ನ ಡಿಸಿ ಪ್ರೊ-ಎಕ್ಸ್ ಕಿವಿಯ ಮೇಲೆ ಕೂರುವಂಥದ್ದು, ಸುಮಾರು 210 ಗ್ರಾಂ. 2018ರಲ್ಲಿ ಬಂದ ಬೋಸ್ ಪ್ರೊಫ್ಲೈಟ್ ಕಿವಿಯೊಳಗೆ ಕೂರುತ್ತದೆ, 130 ಗ್ರಾಂ ಆಸುಪಾಸು. ಇದು ಜೆಟ್ ಕಾಕ್‌ಪಿಟ್‌ಗೆಂದೇ ಮಾಡಿದ್ದು, ಸಣ್ಣ ಪ್ರೊಪೆಲರ್ ವಿಮಾನಕ್ಕಲ್ಲ. ಸಕ್ರಿಯ ತಡೆಯಿಲ್ಲದೆ ಬರೀ ಫೋಮ್ ತುದಿಯಿಂದ ಕಿವಿಯ ದ್ವಾರ ಮುಚ್ಚುವ ಕ್ಲಾರಿಟಿ ಅಲಾಫ್ಟ್ ಎಂಬುದೂ ಇದೆ. ಇದಕ್ಕೆ ಬ್ಯಾಟರಿ ಬೇಡ. ಆದರೆ ಕಿವಿಯೊಳಗೆ ಏನನ್ನೂ ಇಟ್ಟುಕೊಳ್ಳಲಾಗದವರು ಬಹಳ ಮಂದಿ ಇದ್ದಾರೆ.

ತೂಕಕ್ಕಿಂತ ಹೆಚ್ಚು ಕಾಡುವುದು ಬಿಗಿತ. ಅಂಗಡಿಯಲ್ಲಿ ಐದು ನಿಮಿಷ ಹಾಕಿ ನೋಡಿದರೆ ಎಲ್ಲ ಹೆಡ್‌ಸೆಟ್ಟೂ ಹಿತವೇ. ನೆತ್ತಿಯ ನೋವು ಶುರುವಾಗುವುದು ಬಹಳ ಹೊತ್ತಿನ ಮೇಲೆ. ಸಾಧ್ಯವಿದ್ದರೆ ಸಹೋದ್ಯೋಗಿಯದ್ದನ್ನು ಕೇಳಿ ಪಡೆದು ಒಂದೆರಡು ಗಂಟೆ ಹಾಕಿಕೊಂಡು ನೋಡುವುದು ಒಳ್ಳೆಯದು. ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ಪರೀಕ್ಷಿಸಬೇಕು. ಕನ್ನಡಕದ ಕಡ್ಡಿ ಕಪ್ಪಿನ ಅಂಚನ್ನು ಎತ್ತಿ ಹಿಡಿದರೆ ಆ ಸಂದಿಯಿಂದ ಸದ್ದು ನುಗ್ಗುತ್ತದೆ, ಜೊತೆಗೆ ಕಿವಿಯ ಮೇಲೆ ಗಾಯದಂತೆ ಉರಿಯುತ್ತದೆ. ತೆಳು ಕಡ್ಡಿಯ ಕನ್ನಡಕ ಕೊಂಡರೆ ಅರ್ಧ ತೊಂದರೆ ಕಡಿಮೆ. ಪೇಟ ಕಟ್ಟುವ ಪೈಲಟ್‌ಗಳಿಗಂತೂ ಕಿವಿಯೊಳಗಿನ ಮಾದರಿಯೇ ಅನುಕೂಲ ಎನ್ನಬಹುದು.

ತೀರಾ ಮೌನವೂ ಅಪಾಯ

ಸದ್ದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಎಂಬ ಜಾಹೀರಾತಿನ ಮಾತನ್ನು ಪೂರ್ತಿ ನಂಬಬೇಡಿ. ಅಮೆರಿಕದ ವಿಮಾನಯಾನ ಆಡಳಿತ ಎಫ್‌ಎಎ 2007ರ ಜನವರಿಯಲ್ಲಿಯೇ ಒಂದು ಸೂಚನೆ ಹೊರಡಿಸಿ, ಇಂಥ ಹೆಡ್‌ಸೆಟ್ ಹಾಕಿದಾಗ ಕಾಕ್‌ಪಿಟ್‌ನ ಎಚ್ಚರಿಕೆಯ ಗಂಟೆಗಳು, ವಿಮಾನದ ಇತರ ಶಬ್ದಗಳು ಕೇಳಿಸದೆ ಹೋಗಬಹುದು ಎಂದು ಎಚ್ಚರಿಸಿತ್ತು. ಎಲ್ಲ ಎಚ್ಚರಿಕೆಗಳೂ ಹೆಡ್‌ಸೆಟ್ ಮೂಲಕವೇ ಬರುತ್ತವೆ ಎಂದೇನಿಲ್ಲ, ಕೆಲವು ಕಾಕ್‌ಪಿಟ್‌ನ ಸ್ಪೀಕರ್‌ನಿಂದ ಬರುತ್ತವೆ.

ಪಕ್ಕದ ಪೈಲಟ್‌ನ ಮಾತು ಕೇಳಲೆಂದು ಒಂದು ಕಿವಿಯ ಕಪ್ಪನ್ನು ಹಿಂದೆ ಸರಿಸಿಕೊಳ್ಳುವ ಅಭ್ಯಾಸ ಬಹಳ ಪೈಲಟ್‌ಗಳಿಗಿದೆ. ಹಾಗೆ ಮಾಡಿದರೆ ಆ ಕಿವಿಗೆ ರಕ್ಷಣೆ ಇಲ್ಲ, ದುಬಾರಿ ಹೆಡ್‌ಸೆಟ್ ಕೊಂಡದ್ದೂ ದಂಡ. ಸದ್ದಿನ ತಡೆಯನ್ನು ಹೆಚ್ಚು-ಕಡಿಮೆ ಮಾಡುವ ವ್ಯವಸ್ಥೆ ಅಥವಾ ತಟ್ಟಿದರೆ ಹೊರಗಿನ ಮಾತು ಕೇಳುವ ವ್ಯವಸ್ಥೆ ಇರುವುದನ್ನು ಕೊಂಡರೆ ಈ ಪಾಡಿಲ್ಲ. ಪ್ರೊಫ್ಲೈಟ್‌ನಲ್ಲಿ ಇವೆರಡೂ ಇವೆ. 2023ರಲ್ಲಿ ಬಂದ ಬೋಸ್ ಎ30ರಲ್ಲಿ ಮೂರು ಹಂತದ ತಡೆ ಇದೆ.

ಇನ್ನೊಂದು ಪರೀಕ್ಷೆ ಆಮ್ಲಜನಕದ ಮಾಸ್ಕ್. ಎತ್ತರದಲ್ಲಿ ಕ್ಯಾಬಿನ್ನಿನ ಒತ್ತಡ ಕುಸಿದರೆ ಪೈಲಟ್ ಒಂದೇ ಕೈಯಿಂದ 5 ಸೆಕೆಂಡಿನೊಳಗೆ ಮಾಸ್ಕ್ ಹಾಕಿಕೊಳ್ಳುವಂತಿರಬೇಕು ಎಂಬುದು ನಿಯಮ. ಮೈಕಿನ ಕಡ್ಡಿಯೋ ತಲೆಯ ಪಟ್ಟಿಯೋ ಆಗ ಅಡ್ಡ ಬರುತ್ತದೆಯೇ ಎಂದು ತರಬೇತಿಯ ಸಿಮ್ಯುಲೇಟರಿನಲ್ಲಿ ನೋಡಿಕೊಳ್ಳಬೇಕು.

ದುಡ್ಡು ಕೊಡುವ ಮುನ್ನ

ಪ್ಲಗ್ ಯಾವುದೆಂದು ಕೇಳಿ. ಸಣ್ಣ ವಿಮಾನಗಳಲ್ಲಿ ಮತ್ತು ಬೋಯಿಂಗ್‌ಗಳಲ್ಲಿ ಸಾಮಾನ್ಯವಾಗಿ ಮಾತಿಗೊಂದು, ಕೇಳುವುದಕ್ಕೊಂದು ಹೀಗೆ ಎರಡು ಪ್ಲಗ್. ಏರ್‌ಬಸ್‌ನಲ್ಲಿ ಐದು ಪಿನ್ನಿನ ಎಕ್ಸ್‌ಎಲ್‌ಆರ್ ಪ್ಲಗ್. ಹೆಲಿಕಾಪ್ಟರಿನದು ಮತ್ತೂ ಬೇರೆ. ವಿಮಾನದಿಂದಲೇ ವಿದ್ಯುತ್ ಪಡೆಯುವ ಆರು ಪಿನ್ನಿನದೂ ಉಂಟು. ತರಬೇತಿ ಮುಗಿಸಿ ಏರ್‌ಬಸ್ ಹಾರಿಸಲು ಸೇರಿದವರು ಎರಡು ಪ್ಲಗ್ಗಿನ ಹೆಡ್‌ಸೆಟ್ ಹಿಡಿದುಕೊಂಡು ಹೋದರೆ ಅಡಾಪ್ಟರ್ ಹುಡುಕಬೇಕಾಗುತ್ತದೆ. ಕೇಬಲ್ ಬದಲಿಸಬಹುದಾದ ಮಾದರಿ ಕೊಂಡರೆ ಆ ಚಿಂತೆ ಇಲ್ಲ.

ಬ್ಯಾಟರಿ ಮುಗಿದಾಗಲೂ ರೇಡಿಯೋ ಮಾತು ಕೇಳಲೇಬೇಕು. ಅಂಗಡಿಯಲ್ಲಿ ಬ್ಯಾಟರಿ ತೆಗೆದು ಪರೀಕ್ಷಿಸಿ. ಎಫ್‌ಎಎಯ ಟಿಎಸ್‌ಒ ಮಾನ್ಯತೆ ಇದೆಯೇ, ನಿಮ್ಮ ಕಂಪನಿಯ ಆಪರೇಶನ್ಸ್ ಮ್ಯಾನುವಲ್ ಆ ಮಾದರಿಯನ್ನು ಒಪ್ಪುತ್ತದೆಯೇ ಎಂಬುದನ್ನೂ ವಿಚಾರಿಸಿ. ಸಂಗೀತ ಕೇಳುವ ಹೆಡ್‌ಫೋನಿಗೆ ಮೈಕ್ ಸಿಕ್ಕಿಸಿ ಕೆಲಸ ಸಾಗಿಸುವವರಿದ್ದಾರೆ. ಅದರಲ್ಲಿ ಉಳಿತಾಯ ನಿಜ, ಆದರೆ ಎಲ್ಲದಕ್ಕೂ ಮಾನ್ಯತೆ ಇರುವುದಿಲ್ಲ.

ಬೆಲೆ ಕಡಿಮೆಯೇನಲ್ಲ. ಎ30 ಬಂದಾಗ ಅಮೆರಿಕದಲ್ಲಿ ಸುಮಾರು 1,300 ಡಾಲರ್ ಇತ್ತು. ಆಮದು ಸುಂಕ ಬೇರೆ. ತರಬೇತಿಗೆಂದೇ ಲಕ್ಷಗಟ್ಟಲೆ ಸಾಲ ಮಾಡಿದ ಮನೆಯವರು ಮೊದಲ ದಿನವೇ ಇಷ್ಟು ಸುರಿಯಬೇಕಾಗಿಲ್ಲ. ಸಕ್ರಿಯ ತಡೆಯಿಲ್ಲದ ಒಳ್ಳೆಯ ಹೆಡ್‌ಸೆಟ್‌ನಲ್ಲಿ ತರಬೇತಿ ಮುಗಿಸಿ, ಯಾವ ವಿಮಾನ ಎಂದು ಗೊತ್ತಾದ ಮೇಲೆ ಹಗುರದ್ದನ್ನು ಕೊಂಡರೆ ಸಾಕು. ಹಳೆಯದನ್ನು ಕೊಳ್ಳುವುದಾದರೆ ಕಪ್ಪಿನ ಅಂಚಿನ ಮೆತ್ತೆಯನ್ನು ಒತ್ತಿ ನೋಡಿ. ಬೆವರಿಗೆ, ಸೆಕೆಗೆ ಅದು ಗಟ್ಟಿಯಾಗಿ ಬಿರಿಯುತ್ತದೆ. ಬಿರಿದ ಮೆತ್ತೆ ಸದ್ದು ತಡೆಯುವುದಿಲ್ಲ. ಮೆತ್ತೆ ಮಾತ್ರ ಬೇರೆಯಾಗಿ ಸಿಗುತ್ತದೆ, ಪೂರ್ತಿ ಹೆಡ್‌ಸೆಟ್ ಬದಲಿಸಬೇಕೆಂದಿಲ್ಲ.